ನೀಲಿ ಸೈಕಲ್ಲು, ಇಸಿರಿಕ್ ಹೊಗೆ

ನನ್ನ ಗಂಡ ಮತ್ತೆ ರಷ್ಯಾಕ್ಕೆ ಹೋಗಬಾರದು. ಆ ಬೇಸಿಗೆಯಲ್ಲಿ ನನಗಿದ್ದದ್ದು ಇದೊಂದೇ ಹಟ. ಉಳಿದದ್ದನ್ನೆಲ್ಲ, ಅತ್ತೆಯ ಗೊಣಗಾಟ, ಅಂಗಳದ ತುಂಬ ನಿಂತ ಬ್ಯಾಟರಿ ಸೈಕಲ್ಲುಗಳು, ಪಕ್ಕದ ಮನೆ ಷರೋಫತ್‌ಳ ಮೂಗು ತೂರಿಸುವ ಚಾಳಿ, ಎಲ್ಲವನ್ನೂ ಸಹಿಸಿಕೊಳ್ಳಲು ನಾನು ತಯಾರಿದ್ದೆ. ತಾಷ್ಕೆಂಟಿನ ನಮ್ಮ ಮೊಹಲ್ಲಾದಲ್ಲಿ ಯಾವ ಹೆಂಗಸನ್ನು ಬೇಕಾದರೂ ಕೇಳಿ ನೋಡಿ, ಗಂಡ ರಷ್ಯಾದಲ್ಲಿದ್ದಾನೆ ಅಂದರೆ ಏನರ್ಥ ಎಂದು. ಫೋನಿನಲ್ಲಿ ಮುಖ ನೋಡಿಕೊಂಡು ಸಂಸಾರ ಮಾಡುವುದು. ಮಗಳ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ಚಿಕ್ಕಪ್ಪನನ್ನು ನಿಲ್ಲಿಸುವುದು. ನಮ್ಮ ನಸೀಬಾಳ ಮದುವೆ ಹಾಗೇ ಆಯಿತು. ಇವರು ಆಗ ಯಾವುದೋ ಹಿಮದ ಊರಿನಲ್ಲಿ ಯಾರದೋ ಮಹಡಿಗೆ ಇಟ್ಟಿಗೆ ಹೊರುತ್ತಿದ್ದರು.

ಕಡೆಗೆ ಬೆನ್ನು ಕೈಕೊಟ್ಟಿತು, ವಾಪಸು ಬಂದರು. ಇವರ ಹೆಸರು ಎರ್ಗಾಶ್. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ವಾಡಿಕೆ ನಮ್ಮಲ್ಲಿಲ್ಲ, ಕಥೆಗೆ ಬೇಕಲ್ಲ ಎಂದು ಒಂದು ಸಲ ಹೇಳಿದ್ದೇನೆ. ಬಂದವರು ಆರು ತಿಂಗಳು ಅಂಗಳದ ಮಂಚದ ಮೇಲೆ ಮಲಗಿ ಹಿಪ್ಪುನೇರಳೆ ಮರದ ಎಲೆ ನೋಡಿದರು. ಭಾರ ಹೊರುವ ಹಾಗಿಲ್ಲ, ಕೂತು ಮಾಡುವ ಕೆಲಸ ಬಾರದು. ಒಂದು ದಿನ ಯಾರೋ ಕೆಟ್ಟ ಬ್ಯಾಟರಿ ಸೈಕಲ್ಲೊಂದನ್ನು ತಂದು ಕೊಟ್ಟರು, ಇವರು ಸರಿಮಾಡಿದರು, ಓಡಿಸಿದರು, ಅದನ್ನು ಬಯ್ಯುತ್ತ ಫೋನಿನಲ್ಲಿ ಒಂದು ವಿಡಿಯೋ ಮಾಡಿ ಹಾಕಿದರು. ಊರಿಗೆ ಊರೇ ಅದನ್ನು ನೋಡಿತು.

ಅಲ್ಲಿಂದ ಶುರುವಾಯಿತು. ಪೆಟ್ರೋಲಿನ ರೇಟು ಏರಿ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದೆ, ಊರಲ್ಲಿ ಎಲ್ಲರಿಗೂ ಬ್ಯಾಟರಿ ಸೈಕಲ್ಲಿನ ಹುಚ್ಚು ಹಿಡಿದಿದ್ದ ಕಾಲ ಅದು. ಕೈಗೆಟಕುವ ಬೆಲೆಯದ್ದು ಯಾವುದು, ಬೀದಿಯಲ್ಲಿ ಬಿಟ್ಟು ಕೈಕೊಡುವುದು ಯಾವುದು ಎಂದು ಹೇಳುವವರು ಬೇಕಾಗಿತ್ತು. ಅಂಗಡಿಯವರು ಒಂದೊಂದು ಸೈಕಲ್ಲು ತಂದು ಬಿಟ್ಟು ಹೋಗುತ್ತಿದ್ದರು. ಇವರು ವಾರವೆಲ್ಲ ಅದನ್ನು ಊರೊಳಗೆ ಓಡಿಸುವರು. ಹಿಂದಿನ ಕ್ಯಾರಿಯರ್ ಮೇಲೆ ಹಿಟ್ಟಿನ ಚೀಲ ಕಟ್ಟಿ ಚೋರ್ಸು ಬಜಾರಿಗೆ ಹೋಗುವರು, ಹಂಪುಗಳ ಮೇಲೆ ಬೇಕೆಂದೇ ಹಾರಿಸುವರು, ಕಾಲುವೆಗೆ ಇಳಿಯುವ ಇಳಿಜಾರಿನಲ್ಲಿ ಬ್ರೇಕು ಹಿಡಿದು ನೋಡುವರು. ಭಾನುವಾರ ಬಂತೆಂದರೆ ಅದೇ ಸೈಕಲ್ಲಿಗೆ ಇನ್ನೊಂದು ಪರೀಕ್ಷೆ: ನೆರಳಿರುವ ಕಾಲುವೆ ದಂಡೆಯ ಮೇಲೆ, ಬೆಟ್ಟದ ಬುಡದವರೆಗೆ, ಸುಮ್ಮನೆ ಗಾಳಿ ತಿನ್ನಲು ಹೋಗುವವರ ಹಾಗೆ. ಸೀಟು ಹೇಗಿದೆ ಎಂದು ನೋಡಲು ಯಂತ್ರ ಬೇಕಿರಲಿಲ್ಲ, ಇವರ ಬೆನ್ನೇ ಸಾಕಿತ್ತು. ವಿಡಿಯೋದ ಕೊನೆಗೆ ಯಾವಾಗಲೂ ಎರಡು ಮಾತು. ಊರಿಗೆ ಆದೀತೋ ಬೇಡವೋ, ವಿಹಾರಕ್ಕೆ ಆದೀತೋ ಬೇಡವೋ. ‘ಬೇಡ’ ಅಂದರೆ ಆ ಸೈಕಲ್ಲು ಅಂಗಡಿಯಲ್ಲೇ ಧೂಳು ತಿನ್ನುತ್ತಿತ್ತು.

ನನ್ನ ಅತ್ತೆ ತುರ್ಸುನಾಯ್‌ಗೆ ಮಾತ್ರ ಇದೆಲ್ಲ ಭಯ.

"ಎಷ್ಟು ಜನ ನೋಡ್ತಾರೋ ಇದನ್ನ?" ಎಂದು ಮಗನನ್ನು ಕೇಳಿದರು ಒಂದು ದಿನ.

"ಇಪ್ಪತ್ತು ಸಾವಿರ, ಓಯಿ."

ನಾವು ಅಮ್ಮನನ್ನು ಓಯಿ ಎನ್ನುತ್ತೇವೆ. ಓಯಿ ಎದೆ ಹಿಡಿದುಕೊಂಡು ಕೂತುಬಿಟ್ಟರು. "ಅಯ್ಯೋ ನನ್ನಪ್ಪಾ! ಇಪ್ಪತ್ತು ಸಾವಿರ ಜನ ಅಂದ್ರೆ ನಲವತ್ತು ಸಾವಿರ ಕಣ್ಣು! ಒಂದು ಕಣ್ಣು ಬಿದ್ರೇ ಹಾಲು ಕೊಡೋ ಹಸು ಒದೀತದೆ. ನಿನ್ನ ಬೆನ್ನಿಗೆ ನಲವತ್ತು ಸಾವಿರ ಕಣ್ಣು ತಡಕೊಳ್ಳೋ ಶಕ್ತಿ ಇದೆಯೇನೋ?"

ಅವತ್ತಿನಿಂದ ಮನೆಗೆ ಯಾವ ಸೈಕಲ್ಲು ಬರಲಿ, ಅದಕ್ಕೆ ಇಸಿರಿಕ್ ಹೊಗೆ. ಉದ್ದ ಹಿಡಿಯ ಪುಟ್ಟ ಕಬ್ಬಿಣದ ಬಾಣಲೆಯಲ್ಲಿ ಕೆಂಡ ಹಾಕಿ, ಅದರ ಮೇಲೆ ಒಣಗಿದ ಇಸಿರಿಕ್ ಸೊಪ್ಪು ಉದುರಿಸಿ, ಹ್ಯಾಂಡಲ್ಲಿಗೆ ಮೂರು ಸುತ್ತು, ಸೀಟಿಗೆ ಮೂರು ಸುತ್ತು, ಕೊನೆಗೆ ಮಗನ ತಲೆಗೆ. ಹೊಗೆ ಗೋಡೆ ದಾಟಿ ಓಣಿಗೆ ಹೋಗುತ್ತಿತ್ತು. ಓಣಿಯಲ್ಲಿ ಹೋಗುವವರು ನಿಂತು, ಎರಡು ಕೈಯಲ್ಲೂ ಹೊಗೆಯನ್ನು ಬಾಚಿ ಮುಖಕ್ಕೆ ಸವರಿಕೊಂಡು, ‘ಓಮಿನ್’, ಹಾಗೇ ಆಗಲಿ ಎಂದು ಮುಂದೆ ಹೋಗುವರು. ಇಸಿರಿಕ್ ಹೊಗೆ ಯಾರ ಮನೆಯದ್ದಾದರೇನು, ದೃಷ್ಟಿ ತೆಗೆಯುವುದು ಎಲ್ಲರಿಗೂ ಒಳ್ಳೆಯದೇ.

"ನಿಮ್ಮನೇಲಿ ಅಡುಗೆ ಒಲೆಗಿಂತ ಆ ಬಾಣಲೇನೇ ಜಾಸ್ತಿ ಉರಿಯೋದು ಓಪಾ," ಎಂದು ಷರೋಫತ್ ಗೋಡೆ ಮೇಲಿಂದ ಕತ್ತು ಚಾಚಿ ನಗುತ್ತಿದ್ದಳು. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಅದಕ್ಕೇ ನನ್ನನ್ನು ಓಪಾ, ಅಕ್ಕ ಎಂದು ಕರೆಯುವುದು. ಅವಳ ಮನೆಯಲ್ಲಿ ಆಗ ಸೊಸೆ ತುಂಬು ಬಸುರಿ.

ಜೂನ್ ಕೊನೆಗೆ ಸಂಜರ್ ಬಂದ. ದೊಡ್ಡ ಅಂಗಡಿಯವನು, ಚೀನಾದಿಂದ ಕಂಟೇನರ್‌ಗಟ್ಟಲೆ ಸೈಕಲ್ಲು ತರಿಸಿ, ಮೇಲೆ ತನ್ನದೇ ಸ್ಟಿಕ್ಕರ್ ಅಂಟಿಸಿ ಮಾರುವವನು. ಒಂದು ನೀಲಿ ಸೈಕಲ್ಲನ್ನು ಅಂಗಳದಲ್ಲಿಳಿಸಿ, ನಡುವೆ ಟಕ್ ಎಂದು ಮಡಚಿ ತೋರಿಸಿದ. ಲಿಫ್ಟಿನೊಳಗೆ ಹೋಗುತ್ತದೆ, ಮಂಚದ ಕೆಳಗೆ ಹೋಗುತ್ತದೆ, ಹೆಂಗಸರೂ ಎತ್ತಬಹುದು. ಬೆಲೆ ಬೇರೆಯವರದ್ದಕ್ಕಿಂತ ಅರ್ಧ.

"ಎರ್ಗಾಶ್ ಅಕಾ, ಈ ವರ್ಷ ನನ್ನ ಬದುಕೆಲ್ಲ ಇದ್ರ ಮೇಲೇ ನಿಂತಿದೆ," ಎಂದ ಚಹಾ ಹೀರುತ್ತ, ಅಕಾ ಅಂದರೆ ಅಣ್ಣ. "ಇದಕ್ಕೆ ಒಳ್ಳೆ ಮಾತು ಬರಲಿ. ಆಮೇಲೆ ನೀವು ಊರೂರು ಅಲೆಯೋದು ಬೇಡ. ನನ್ನ ಅಂಗಡೀಲೇ ಕೂತ್ಕೊಳ್ಳಿ, ಬಂದ ಸೈಕಲ್ಲೆಲ್ಲ ನೀವು ನೋಡಿ ಹೇಳೋದು, ತಿಂಗಳು ತಿಂಗಳು ಸಂಬಳ ತಗೊಳ್ಳೋದು."

"ಚೆನ್ನಾಗಿದ್ರೆ ಚೆನ್ನಾಗಿದೆ ಅಂತೀನಿ," ಎಂದರು ಇವರು.

"ಚೆನ್ನಾಗೇ ಇದೆ ಅಕಾ, ನೀವೇ ನೋಡ್ತೀರಲ್ಲ."

ಸಂಬಳ ಅಂದರೆ ಇವರು ಇಲ್ಲೇ ಇರುತ್ತಾರೆ. ವಿಡಿಯೋದಿಂದ ಬರುತ್ತಿದ್ದದ್ದು ಹಲ್ಲಿನ ಸಂದಿಗೂ ಸಾಲದು, ಮಾತು ಬಂದಾಗಲೆಲ್ಲ ‘ಸೆಪ್ಟೆಂಬರಿಗೆ ಟಿಕೆಟ್ ನೋಡ್ಬೇಕು’ ಎಂದು ಇವರು ಅನ್ನುತ್ತಲೇ ಇದ್ದರು. ಅವತ್ತು ಸಂಜರ್‌ನ ಚೀಲಕ್ಕೆ ಒಂದು ಮಡಿಲು ಏಪ್ರಿಕಾಟ್ ತುಂಬಿ ಕಳಿಸಿದೆ.

ನೀಲಿ ಸೈಕಲ್ಲು ಒಳ್ಳೆಯದೇ ಇತ್ತು. ಬ್ರೇಕು ಗಟ್ಟಿ. ಏರಿನಲ್ಲಿ ಗೊಣಗುತ್ತಿರಲಿಲ್ಲ. ಸೀಟು ಮಾತ್ರ ಕಲ್ಲು. ಭಾನುವಾರ ಇವರು "ಹಿಂದೆ ಕೂತ್ಕೋ ಬಾ, ಇಬ್ಬರ ಭಾರಕ್ಕೆ ಹೇಗಿದೆ ನೋಡೋಣ" ಎಂದು ನನ್ನನ್ನೂ ಕಾಲುವೆ ದಂಡೆಗೆ ಕರೆದುಕೊಂಡು ಹೋದರು. ನನ್ನ ವಯಸ್ಸಿಗೆ ಇದೇನು ಚೆಲ್ಲಾಟ ಎಂದು ಬಯ್ಯುತ್ತಲೇ ಕೂತೆ. ಗಾಳಿಗೆ ತಲೆವಸ್ತ್ರ ಹಾರುತ್ತಿತ್ತು, ನಾನು ಇವರ ಅಂಗಿ ಹಿಡಿದುಕೊಂಡಿದ್ದೆ. ಕರಬೂಜ ಕೊಯ್ದು ದಂಡೆಯ ಮೇಲೆ ಕೂತು ತಿಂದೆವು. ಮದುವೆಯಾದ ಮೇಲೆ ನಾವಿಬ್ಬರೇ ಹಾಗೆ ಹೊರಗೆ ಹೋಗಿದ್ದು ಅದೇ ಮೊದಲು.

ವಾಪಸು ಬಂದು ಬ್ಯಾಟರಿಯನ್ನು ಚಾರ್ಜಿಗೆ ಹಾಕಿದ ಮೇಲೆ ಇವರು ಅದರ ಮೇಲೆ ಅಂಗೈ ಇಟ್ಟು, ತುಂಬ ಹೊತ್ತು ತೆಗೆಯಲಿಲ್ಲ.

"ಏನ್ರೀ?"

"ಜ್ವರ ಬಂದ ಮಗು ಹಣೆ ಹಾಗಿದೆ. ಮುಟ್ಟಿ ನೋಡು."

ಮುಟ್ಟಿದೆ. ಸುಡುತ್ತಿತ್ತು. ಸಂಜರ್‌ಗೆ ಫೋನು ಮಾಡಿದರು. ನನಗೂ ಕೇಳಿಸುವಷ್ಟು ಜೋರಾಗಿ ಅವನು ನಕ್ಕ. "ಬಿಸಿಲು ನೋಡಿ ಅಕಾ ಎಂಥಾದ್ದು! ನೆರಳಲ್ಲಿಟ್ಟ ಕಲ್ಲಂಗಡೀನೂ ಬಿಸಿ ಆಗ್ತಿದೆ."

ಇವರು ಒಪ್ಪಲಿಲ್ಲ. ಇನ್ನೊಂದು ವಾರ ನೋಡುತ್ತೇನೆ, ಆಮೇಲೇ ವಿಡಿಯೋ ಎಂದರು. ಅಲ್ಲಿಯವರೆಗೆ ಯಾರೂ ಪಕ್ಕದಲ್ಲಿಲ್ಲದೆ ಇದನ್ನು ಚಾರ್ಜಿಗೆ ಹಾಕುವಂತಿಲ್ಲ ಎಂದು ಮನೆಯವರಿಗೆಲ್ಲ ಕಟ್ಟಪ್ಪಣೆ. ನನಗೆ ಸಿಟ್ಟು ಬಂತು. ಬಾಯಿಗೆ ಬಂದ ತುತ್ತು ಇದು, ಬಿಸಿಯಂತೆ ಬಿಸಿ! ಆದರೂ ಬಾಯಿ ಮುಚ್ಚಿಕೊಂಡಿದ್ದೆ.

ಮರುವಾರ ನಮ್ಮ ನೆಂಟರ ಮನೆಯಲ್ಲಿ ಮದುವೆ. ಮದುವೆ ಪಲಾವಿನ ಹಿಂದಿನ ದಿನ ಹೆಂಗಸರೆಲ್ಲ ಸೇರಿ ಗಜ್ಜರಿ ಹೆಚ್ಚಬೇಕಲ್ಲ, ಮಧ್ಯಾಹ್ನದ ಊಟ ಮುಗಿಸಿ ನಾನು ಅಲ್ಲಿಗೆ ಹೋದೆ. ಮನೆಯಲ್ಲಿ ಇವರು ಪಡಸಾಲೆಯಲ್ಲಿ ಬ್ಯಾಟರಿಯ ಪಕ್ಕ ಕೂತಿದ್ದರು, ಓಯಿ ಒಳಕೋಣೆಯಲ್ಲಿ ಮಲಗಲು ಹಾಸಿಗೆ ಬಿಡಿಸುತ್ತಿದ್ದರು. ನಾನು ಹೋದ ಮೇಲೆ ಸಂಜರ್‌ನ ಫೋನು ಬಂತಂತೆ, ಚೀನಾದಿಂದ ಮಾಲು ಕಳಿಸುವವನು ಬಂದಿದ್ದಾನೆ, ಈಗಲೇ ಬನ್ನಿ ಎಂದು. "ಓಯಿ, ಎದ್ದು ಚಹಾ ಕುಡಿದ ಮೇಲೆ ಆ ತಂತಿ ಕಿತ್ತುಬಿಡು," ಎಂದು ಹೇಳಿ ಇವರು ಹೊರಟರು. "ಆಯ್ತು ಬೊಲಾಂ, ಹೋಗಿ ಬಾ," ಎಂದರಂತೆ ಓಯಿ. ಬೊಲಾಂ ಅಂದರೆ ನನ್ನ ಮಗು.

ಗಜ್ಜರಿ ಹೆಚ್ಚುವ ಕಡೆ ಎಷ್ಟು ಕೈಯೋ ಅಷ್ಟು ಬಾಯಿ. ನಾನು ಅರ್ಧ ಬುಟ್ಟಿ ಮುಗಿಸುವಷ್ಟರಲ್ಲಿ ಷರೋಫತ್ ಬಂದು ಪಕ್ಕದಲ್ಲಿ ಕೂತು, ಚಾಕು ತೆಗೆದುಕೊಂಡಳು. ಅವಳ ಸೊಸೆ ಹೆತ್ತು ಎರಡು ವಾರವಾಗಿತ್ತು, ಗಂಡು ಮಗು, ಅದಕ್ಕೇ ಅವಳು ನೆಲದ ಮೇಲೆ ಕಾಲಿಡುತ್ತಿರಲಿಲ್ಲ.

"ನಿಮ್ಮ ಅತ್ತೆ ಮತ್ತೆ ಶುರು ಹಚ್ಕೊಂಡಿದ್ದಾರೆ ಓಪಾ," ಎಂದಳು. "ಇವತ್ತು ಹೊಗೆ ಜೋರೋ ಜೋರು! ನಾನೂ ಗೋಡೆ ಆಚೆ ನಿಂತು ಮುಖಕ್ಕೆ ಸವರ್ಕೊಂಡು, ಓಮಿನ್ ಅಂದು, ಹಾಗೇ ಬಂದೆ."

"ನಲವತ್ತು ಸಾವಿರ ಕಣ್ಣು ಕಣೇ," ಎಂದೆ. "ಸೊಪ್ಪು ಮೂಟೆಗಟ್ಟಲೆ ಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ನಾವು ಗಜ್ಜರಿ ಹೆಚ್ಚುತ್ತ ನಗುತ್ತಿದ್ದೆವು, ಅಲ್ಲಿ ಆ ಜೀವ ಬಾಗಿಲು ಹುಡುಕುತ್ತಿತ್ತು.

ಒಳಕೋಣೆಗೆ ಇದ್ದದ್ದು ಒಂದೇ ಬಾಗಿಲು, ಅದು ಪಡಸಾಲೆಗೆ, ಪಡಸಾಲೆಯೇ ಹೊತ್ತಿ ಉರಿಯುತ್ತಿತ್ತು. ಕಿಟಕಿಗೆ ಕಳ್ಳರ ಭಯಕ್ಕೆಂದು ನಾವೇ ಹಾಕಿಸಿದ ಕಬ್ಬಿಣದ ಸರಳು. ಬೆಂಕಿ ಓಯಿಯ ಕೂದಲನ್ನೂ ಮುಟ್ಟಿರಲಿಲ್ಲ. ಹೊಗೆಯೇ ಸಾಕಾಯಿತು. ಕಿಟಕಿಯ ಕೆಳಗೆ ಸಿಕ್ಕರು, ಒಂದು ಕೈ ಸರಳು ಹಿಡಿದಿತ್ತು.

ಬೆಂಕಿ ಆರಿಸಿದವರಲ್ಲೊಬ್ಬ ಓಣಿಯಲ್ಲಿ ನಿಂತು ಕೇಳಿದ, "ಹೊಗೆ ಮೊದಲು ನೋಡಿದ್ದು ಯಾರು?"

"ನಾನು," ಎಂದಳು ಷರೋಫತ್. "ಅಜ್ಜಿ ಇಸಿರಿಕ್ ಹಾಕ್ತಿದ್ರು."

ಅಷ್ಟೇ. ಮುದುಕಿ, ಕೆಂಡ, ಒಣ ಸೊಪ್ಪು. ಇನ್ನೇನು ಕೇಳುವುದಿದೆ? ಕೆಂಡ ಉರುಳಿ ಬಿತ್ತು, ಜಮಖಾನೆ ಹತ್ತಿಕೊಂಡಿತು, ಜಮಖಾನೆಯಿಂದ ಸೈಕಲ್ಲಿಗೆ. ಮಾರನೆಯ ಬೆಳಿಗ್ಗೆ ಇವರು ಸಾವಿನ ಮನೆಯ ಗಂಡುಮಕ್ಕಳ ಪದ್ಧತಿಯಂತೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಗೇಟಿನ ಬಳಿ ನಿಂತು ಅಳುವಾಗ, ಬಂದ ಗಂಡಸರೆಲ್ಲ ಇದೇ ಮಾತು ಆಡಿಕೊಂಡು ಬಂದರು. ಕೇಳಿ ಕೇಳಿ ಇವರೂ ನಂಬಿದರು. ನಂಬದೆ ಬದುಕುವುದು ಹೇಗೆ ಹೇಳಿ? ತಂತಿ ಕೀಳು ಎಂದು ಅಮ್ಮನಿಗೆ ಹೇಳಿ ಹೋದವರು ಇವರು.

ನನಗೆ ಮಾತ್ರ ಒಂದು ಮುಳ್ಳು ಚುಚ್ಚುತ್ತಿತ್ತು. ಬಾಣಲೆ ಎಲ್ಲಿ? ಅಡುಗೆಮನೆಗೆ ಬೆಂಕಿ ಬಿದ್ದಿರಲಿಲ್ಲ, ಅಲ್ಲಿ ಅದನ್ನು ತೂಗುಹಾಕುವ ಮೊಳೆ ಖಾಲಿ. ಹಾಗಾದರೆ ಪಡಸಾಲೆಯಲ್ಲೇ ಇರಬೇಕು. ಬೂದಿಯನ್ನು ನಾನೇ ಜರಡಿ ಹಿಡಿದೆ. ಸೈಕಲ್ಲಿನ ಅಸ್ಥಿಪಂಜರ ಸಿಕ್ಕಿತು, ಬಾಗಿಲ ಕೀಲು ಸಿಕ್ಕಿತು, ಚಹಾ ಕೆಟಲಿನ ಮುಚ್ಚಳವೂ ಸಿಕ್ಕಿತು.

"ರೀ, ಬಾಣಲೆ ಎಲ್ಲೂ ಇಲ್ಲ."

"ಸಿಕ್ಕಿದ್ರೆ ಏನು ಮಾಡ್ತೀಯ? ಮುತ್ತು ಕೊಡ್ತೀಯಾ?" ಎಂದು ಸಿಡುಕಿದರು. ಆಮೇಲೆ ಮೆಲ್ಲಗೆ, "ಬಿಡು ರೋಹತ್," ಎಂದರು. ಬಿಟ್ಟೆ.

ಸಂಜರ್ ಅಕ್ಕಿ, ಎಣ್ಣೆ, ಒಂದು ಕುರಿ ಹೊತ್ತು ತಂದ. ತಿಥಿಯ ಪಲಾವಿಗೆ. ನಮ್ಮವರಿಗಿಂತ ಜೋರಾಗಿ ಅತ್ತ. ಅತ್ತಾದ ಮೇಲೆ ಮೂಗು ಒರೆಸಿಕೊಂಡು ಮಾತಿಗೆ ಬಂದ.

"ಅಕಾ, ಜನ ಬಾಯಿಗೆ ಬಂದದ್ದು ಮಾತಾಡ್ತಿದ್ದಾರೆ. ಸೈಕಲ್ಲಿಂದ ಬೆಂಕಿ ಬಂತು ಅಂತಾರೆ ಕೆಲವರು. ನೀವು ಒಂದು ಮಾತು ಹೇಳ್ಬಿಟ್ರೆ ಸಾಕು, ಇಡೀ ಊರು ಕೇಳ್ತದೆ. ಕೆಂಡದಿಂದ ಆಯ್ತು, ಸೈಕಲ್ಲಿಂದಲ್ಲ ಅಂತ. ನಿಜಾನೇ ಅಲ್ವಾ? ನಿಮ್ಮ ಕುರ್ಚಿ ಅಂಗಡೀಲಿ ಹಾಕ್ಸಿಟ್ಟಿದ್ದೀನಿ."

ಇವರು ನನ್ನ ಮುಖ ನೋಡಿದರು. ನಾನು ಚಹಾ ಬಗ್ಗಿಸಿದೆ.

ವಿಡಿಯೋ ಬಂತು. ಸುಟ್ಟ ಗೋಡೆಯ ಮುಂದೆ ಕೂತು, ಕಣ್ಣು ಕೆಳಗೆ ಹಾಕಿ ಇವರು ಹೇಳಿದರು: ನಮ್ಮ ಅಮ್ಮನಿಗೆ ವಯಸ್ಸಾಗಿತ್ತು, ಕೈ ನಡುಗುತ್ತಿತ್ತು, ಕೆಂಡ ಬಿತ್ತು. ನೀಲಿ ಸೈಕಲ್ಲು ಊರಿಗೂ ಆದೀತು, ವಿಹಾರಕ್ಕೂ ಆದೀತು. ಅದರ ಕೆಳಗೆ ಜನ ಬರೆದದ್ದನ್ನು ನಾನು ಓದಿದೆ. ಓದಬಾರದಿತ್ತು. ‘ದೃಷ್ಟಿ ತೆಗೆಯಲು ಹೋಗಿ ಮನೆಯನ್ನೇ ತೆಗೆದ ಅಜ್ಜಿ’ ಎಂದು ಒಬ್ಬ. ‘ನಿಮ್ಮ ಅಜ್ಜಿಯರ ಕೈಗೆ ಬೆಂಕಿಪೊಟ್ಟಣ ಕೊಡಬೇಡಿ’ ಎಂದು ಇನ್ನೊಬ್ಬ. ಕೆಳಗೆ ಸಾಲು ಸಾಲು ನಗುವ ಮುಖಗಳು. ಥೂ, ಬರೆದವರ ಬಾಯಿಗೆ ಮಣ್ಣು ಹಾಕ! ನಮ್ಮ ಓಯಿ ಹೆದರಿದ್ದ ನಲವತ್ತು ಸಾವಿರ ಕಣ್ಣು ಕೊನೆಗೂ ಬಿದ್ದವು, ಸೈಕಲ್ಲಿನ ಮೇಲಲ್ಲ, ಅವರ ಮೇಲೇ.

ಆದರೂ ಸುಳ್ಳೇಕೆ, ಒಳಗೊಳಗೇ ನನಗೆ ಸಮಾಧಾನವಿತ್ತು. ಇವರು ಬೆಳಿಗ್ಗೆ ಅಂಗಡಿಗೆ ಹೋಗುವರು, ಸಂಜೆ ಬಿಸಿ ನಾನ್ ಕಂಕುಳಲ್ಲಿಟ್ಟುಕೊಂಡು ಬರುವರು. ಟಿಕೆಟ್ ಎಂಬ ಮಾತು ನಿಂತಿತು. ಮಾತೇ ನಿಂತಿತು ಅನ್ನಿ. ರಾತ್ರಿ ಅನ್ನದ ತಟ್ಟೆ ಮುಂದಿಟ್ಟರೆ ತಟ್ಟೆ ನೋಡುತ್ತ ಕೂರುವರು.

ಇಪ್ಪತ್ತನೆಯ ದಿನದ ತಿಥಿಯ ದಿವಸ ಹೆಂಗಸರೆಲ್ಲ ಉಂಡು ಹೋದ ಮೇಲೆ ಷರೋಫತ್ ಒಬ್ಬಳೇ ಉಳಿದಳು. ಪಾತ್ರೆ ತೊಳೆಯಲು ನಿಂತಳು ಅಂದುಕೊಂಡೆ. ಅವಳು ಸೆರಗಿನ ಹಾಗೆ ಹೊದ್ದಿದ್ದ ದೊಡ್ಡ ವಸ್ತ್ರದೊಳಗಿಂದ ಒಂದು ಗಂಟು ತೆಗೆದು ನನ್ನ ಮುಂದಿಟ್ಟಳು. ಬಿಚ್ಚಿದೆ. ಉದ್ದ ಹಿಡಿ, ಪುಟ್ಟ ಬಾಣಲೆ, ಹಿಡಿಯ ತುದಿಗೆ ಓಯಿ ಸುತ್ತಿದ್ದ ಕೆಂಪು ಬಟ್ಟೆ.

"ಎಲ್ಲಿ ಸಿಕ್ತು?"

"ನಮ್ಮನೇಲಿ."

"ನಿಮ್ಮನೇಲಾ?"

"ನಮ್ಮ ಬಾಣಲೆ ಹಿಡಿ ಮುರಿದಿತ್ತು ಓಪಾ. ಮಗೂಗೆ ಹೊಗೆ ಹಾಕ್ಬೇಕು ಅಂತ ಅವತ್ತು ಬೆಳಿಗ್ಗೆ ನನ್ನ ಸೊಸೆ ಗೋಡೆ ಮೇಲಿಂದ ನಿಮ್ಮತ್ತೇನ ಕೇಳಿ ಇಸ್ಕೊಂಡಿದ್ಲಂತೆ. ನೀವು ರೊಟ್ಟಿ ತರೋಕೆ ಹೋಗಿದ್ರಿ. ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಅವತ್ತು ಸಂಜೆ, ಎಲ್ಲ ಆದ ಮೇಲೆ, ಮನೆಗೆ ಹೋಗಿ ನೋಡ್ತೀನಿ, ತೊಟ್ಟಿಲ ಪಕ್ಕ ತೂಗಾಕಿದ್ಲು."

ಅಂದರೆ ಆ ದಿನ ನಮ್ಮ ಮನೆಯಲ್ಲಿ ಇಸಿರಿಕ್ ಹೊಗೆ ಎದ್ದೇ ಇರಲಿಲ್ಲ. ಷರೋಫತ್ ಎರಡು ಕೈಯಲ್ಲಿ ಬಾಚಿ ಮುಖಕ್ಕೆ ಸವರಿಕೊಂಡದ್ದು ಬೇರೆ ಹೊಗೆ.

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯೇನೇ?" ಎಂದೆ. "ಊರೆಲ್ಲ ಆ ಮುದುಕಿ ಮೇಲೆ ಗೂಬೆ ಕೂರಿಸ್ತಿದ್ರೆ ನೀನು ನಮ್ಮನೇಗೆ ಬಂದು ಅಳ್ತಾ ಪಲಾವ್ ತಿಂದೆ!"

"ಹೇಗೆ ಹೇಳ್ಲಿ ಓಪಾ? ಓಮಿನ್ ಅಂದು ಬಂದ್ನಲ್ಲ ನಾನು. ಒಂದು ಕೂಗು ಹಾಕಿದ್ರೆ..." ಎನ್ನುತ್ತ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡಳು.

"ಮತ್ತೆ ಈಗ ಯಾಕೆ ತಂದೆ? ಈಗೇನು ಪುಣ್ಯ ಉಕ್ಕಿ ಬಂತು?"

ಅವಳು ತಲೆ ಎತ್ತಿದಳು. ಅಂಥ ಮುಖವನ್ನು ನಾನು ಬದುಕಿರುವವರಲ್ಲಿ ನೋಡಿರಲಿಲ್ಲ. "ನನ್ನ ಮಗ ನಿನ್ನೆ ಆ ನೀಲಿ ಸೈಕಲ್ ತಂದಿದ್ದಾನೆ ಓಪಾ. ತೊಟ್ಟಿಲಿರೋ ಕೋಣೇಲೇ ಚಾರ್ಜಿಗೆ ಹಾಕ್ತಾನೆ. ಬೇಡ ಕಣೋ ಅಂದ್ರೆ, ಎರ್ಗಾಶ್ ಅಕಾನೇ ಹೇಳಿದ್ದಾರೆ ನಿಂದೇನಮ್ಮ ಅಂತಾನೆ. ನಿಮ್ಮ ಕಾಲಿಗೆ ಬೀಳ್ತೀನಿ. ಅವರ ಬಾಯಿಂದ ಒಂದು ಮಾತು ಹೇಳ್ಸಿ."

ಬಯ್ಯಲು ಬಾಯಿ ತೆರೆದೆ. ನಿನ್ನ ಮೊಮ್ಮಗನ ಬುಡಕ್ಕೆ ಬರುವ ತನಕ ನಿನಗೆ ನಾಲಿಗೆ ಇರಲಿಲ್ಲ ಅಲ್ಲವೇ ಎನ್ನಬೇಕೆಂದಿದ್ದೆ. ಅಂದೂಬಿಟ್ಟೆ. ಅವಳು ಎಲ್ಲಕ್ಕೂ ಹೌದು ಹೌದು ಎಂದು ತಲೆಯಾಡಿಸಿದಳು, ಬಾಗಿಲಾಚೆಗೆ ಹೋಗಿ ನಿಂತಳು.

ನಾನು ಬಾಣಲೆ ಹಿಡಿದು ಕೂತೆ. ಇದನ್ನು ಬಾವಿಗೆ ಹಾಕಿದರೆ ಮುಗಿಯಿತು, ಇವರು ನಾಳೆಯೂ ಬಿಸಿ ನಾನ್ ತರುತ್ತಾರೆ. ಷರೋಫತ್‌ಳ ಮಗನಿಗೆ ಗುಟ್ಟಾಗಿ ಹೇಳಿದರಾಯಿತು, ಅವನೊಬ್ಬ ಬಿಟ್ಟುಬಿಡುತ್ತಾನೆ. ಉಳಿದವರು? ಆ ನೀಲಿ ಸೈಕಲ್ಲು ಅಂಗಡಿಯಿಂದ ದಿನಾ ಹೋಗುತ್ತಿತ್ತು, ಅದನ್ನು ಮಾರುವ ಕುರ್ಚಿಯಲ್ಲಿ ನನ್ನ ಗಂಡನೇ ಕೂತಿದ್ದರು. ಹಾಗೆ ಲೆಕ್ಕ ಹಾಕುತ್ತಿರುವಾಗ ಕೆಂಪು ಬಟ್ಟೆಯ ವಾಸನೆ ಬಂತು. ಓಯಿಯ ಕೈಯ ವಾಸನೆ, ಇಸಿರಿಕ್ಕಿನದು, ಹಿಟ್ಟಿನದು. ಮೂವತ್ತು ವರ್ಷ ನನ್ನೊಡನೆ ಜಗಳವಾಡಿದ ಕೈ ಅದು. ಅದು ಕೆಂಡ ಬೀಳಿಸುವ ಕೈಯಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಇವರು ಅಂಗಳದ ಮಂಚದ ಮೇಲೆ ಚಹಾ ಕುಡಿಯುತ್ತಿದ್ದರು. ಊಟಕ್ಕೆ ಹಾಸುವ ದಸ್ತರಖಾನಿನ ಮೇಲೆ, ನಾನ್ ಮತ್ತು ಕೆಟಲಿನ ನಡುವೆ ಬಾಣಲೆಯನ್ನು ಇಟ್ಟೆ. ನಡೆದದ್ದನ್ನು ನಾಲ್ಕು ಮಾತಲ್ಲಿ ಹೇಳಿದೆ.

ಇವರು ಕೆಂಪು ಬಟ್ಟೆಯನ್ನು ಬೆರಳಲ್ಲಿ ಮುಟ್ಟಿದರು.

"ಸತ್ತ ಮೇಲೂ ಅವಳನ್ನ ಸುಟ್ಟೆನಲ್ಲೇ ನಾನು," ಎಂದರು.

ತಂತಿಯ ಮಾತು ನಮ್ಮಿಬ್ಬರ ನಡುವೆ ಕೂತಿತ್ತು.

"ಇದನ್ನ ಒಳಗಿಟ್ರೆ ನಾನು ಇಲ್ಲೇ ಇರ್ತೀನಿ ರೋಹತ್."

"ಗೊತ್ತು."

"ಹೊರಗೆ ತೆಗೆದ್ರೆ ಟಿಕೆಟ್ ತಗೋಬೇಕು. ಸಂಜರ್ ಅಷ್ಟೇ ಅಲ್ಲ, ಯಾವ ಅಂಗಡಿಯವನೂ ನನ್ನ ಹೊಸ್ತಿಲು ಹತ್ತಿಸೋದಿಲ್ಲ."

"ಗೊತ್ತು ಅಂದೆನಲ್ಲ! ಎಷ್ಟು ಸಲ ಹೇಳಿಸ್ತೀರಿ?" ಎಂದು ಕಿರುಚಿದೆ. ಕಿರುಚಿ ಅತ್ತೆ. ಮಗಳ ಮದುವೆಗೂ ನಾನು ಹಾಗೆ ಅತ್ತಿರಲಿಲ್ಲ.

ಇವರು ಎದ್ದು ಮೊದಲು ಷರೋಫತ್‌ಳ ಮನೆಗೆ ಹೋದರು. ತೊಟ್ಟಿಲ ಕೋಣೆಯಿಂದ ಬ್ಯಾಟರಿಯನ್ನು ತಾವೇ ಕಿತ್ತು ತಂದು, ಓಣಿಯ ಕೊನೆಯ ಖಾಲಿ ಜಾಗದಲ್ಲಿಟ್ಟು, ಮೇಲೆ ಬುಟ್ಟಿಗಟ್ಟಲೆ ಮರಳು ಸುರಿ ಎಂದು ಅವಳ ಮಗನಿಗೆ ಹೇಳಿದರು. ಆಮೇಲೆ ಬಂದು ಸುಟ್ಟ ಗೋಡೆಯ ಮುಂದೆ ಕೂತರು. ಫೋನು ಹಿಡಿದವಳು ನಾನು.

ಎಂದಿನ ಕ್ರಮದಲ್ಲೇ ಶುರುಮಾಡಿದರು. ಸೀಟು ಕಲ್ಲು. ಬ್ರೇಕು ಗಟ್ಟಿ. ದೀಪ ಪರವಾಗಿಲ್ಲ. ಇಬ್ಬರು ಕೂತರೂ ಏರು ಹತ್ತುತ್ತದೆ, ನಾನೂ ನನ್ನ ಹೆಂಡತಿಯೂ ಕಾಲುವೆ ದಂಡೆಗೆ ಹೋಗಿದ್ದೆವು, ಚೆನ್ನಾಗಿತ್ತು. ಆಮೇಲೆ ಕಣ್ಣೆತ್ತಿ ನೇರ ಫೋನಿನೊಳಗೆ ನೋಡಿದರು.

"ಬ್ಯಾಟರಿ ಚಾರ್ಜಿಗೆ ಹಾಕಿದ್ರೆ ಸುಡ್ತದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ನಮ್ಮಮ್ಮನ ಪಕ್ಕ ಬಿಟ್ಟು ಹೋದೆ." ಬಾಣಲೆ ಎತ್ತಿ ತೋರಿಸಿದರು. "ಇದು ಅವಳ ಬಾಣಲೆ. ಆ ದಿನ ಇದು ಪಕ್ಕದ ಮನೇಲಿತ್ತು. ನಮ್ಮಮ್ಮ ಕೆಂಡ ಬೀಳಿಸಲಿಲ್ಲ. ಅವಳ ಮೇಲೆ ಹೊರಿಸಿದೆ, ಅದನ್ನ ನೀವು ನಂಬಿ ಈ ಸೈಕಲ್ ತಗೊಂಡ್ರಿ. ಮನೇಲಿದ್ರೆ ಈಗಲೇ ಹೊರಗಿಡಿ. ಊರಿಗೆ ಬೇಡ. ವಿಹಾರಕ್ಕೂ ಬೇಡ."

ಸಂಜರ್ ಒಂದು ಮಾತೂ ಆಡಲಿಲ್ಲ, ಆಳು ಕಳಿಸಿ ಕುರ್ಚಿಯ ಮೇಲೆ ಬಿಟ್ಟಿದ್ದ ಇವರ ಟೋಪಿಯನ್ನು ವಾಪಸು ಕಳಿಸಿದ. ಬೇರೆ ಅಂಗಡಿಯವರು ಅಂಗಳದಲ್ಲಿದ್ದ ತಮ್ಮ ತಮ್ಮ ಸೈಕಲ್ಲುಗಳನ್ನು ತಳ್ಳಿಕೊಂಡು ಹೋದರು. ನೋಡುವವರಲ್ಲಿ ಕೆಲವರು ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದು ಬರೆದರು, ಕೆಲವರು ಸಂಬಳ ಸಾಲದೆ ಮಾತು ಬದಲಿಸಿದ ಎಂದು ಬರೆದರು. ಓಯಿಯನ್ನು ನೋಡಿ ನಕ್ಕವರು ಯಾರೂ ಏನೂ ಬರೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಇವರು ಹೊರಟರು. ಗೋದಾಮು ಕಾಯುವ ಕೆಲಸವಂತೆ, ಭಾರ ಹೊರುವುದಿಲ್ಲವಂತೆ. ಹೊರಡುವವರೆಲ್ಲ ಹಾಗೇ ಹೇಳುವುದು. ನಾನ್ ಮುಂದೆ ಹಿಡಿದೆ, ಒಂದು ಕಡೆ ಕಚ್ಚಿದರು. ಆ ಕಚ್ಚಿದ ನಾನ್ ಗೋಡೆಯಲ್ಲಿ ತೂಗಬೇಕು, ಮಿಕ್ಕದ್ದನ್ನು ಅವರೇ ಬಂದು ತಿನ್ನಬೇಕು, ಅದು ನಮ್ಮ ಪದ್ಧತಿ. ಓಯಿ ಇದ್ದಿದ್ದರೆ ತಲೆಗೆ ಮೂರು ಸುತ್ತು ಹೊಗೆ ಸುತ್ತದೆ ಕಳಿಸುತ್ತಿರಲಿಲ್ಲ. ಹಾಗಾಗಿ ನಾನೇ ಬಾಣಲೆಯಲ್ಲಿ ಕೆಂಡ ಹಾಕಿ, ಸೊಪ್ಪು ಉದುರಿಸಿ, ಗೇಟಿಗೆ ತಂದೆ. ಟ್ಯಾಕ್ಸಿ ಓಣಿಯಲ್ಲಿ ಕಾಯುತ್ತಿತ್ತು. ಹೊಗೆ ಎದ್ದು ಗೋಡೆ ದಾಟಿತು.

ಪಕ್ಕದ ಗೇಟು ಧಡಾರನೆ ತೆರೆಯಿತು. ಷರೋಫತ್, ಬರಿಗಾಲು, ತಲೆ ಮೇಲೆ ವಸ್ತ್ರವಿಲ್ಲ, ಎರಡು ಕೈಯಲ್ಲೂ ನೀರು ತುಂಬಿದ ಬಕೆಟ್ಟು. ಅರ್ಧ ನೀರು ಓಣಿಗೇ ಚೆಲ್ಲಿಕೊಂಡು ಓಡಿ ಬಂದು, ನಮ್ಮ ಗೇಟಿನೊಳಗೆ ನುಗ್ಗಿ, ಬಾಣಲೆ ನೋಡಿ ನಿಂತಳು. ಏದುಸಿರು.

"ಇಸಿರಿಕ್ಕು ಷರೋಫತ್," ಎಂದರು ಇವರು. "ಬರೀ ಇಸಿರಿಕ್ಕು." ಎರಡು ಕೈಯಲ್ಲಿ ಹೊಗೆ ಬಾಚಿ ಮುಖಕ್ಕೆ ಸವರಿಕೊಂಡು, ಚೀಲ ಎತ್ತಿಕೊಂಡು ಹೋದರು.

ಆವತ್ತಿನ ತನಕ ನಾನು ಅವಳ ಜೊತೆ ಮಾತು ಬಿಟ್ಟಿದ್ದೆ. ಈಗಲೂ ನಮ್ಮ ನಡುವೆ ಮಾತೆಂದರೆ ಇಷ್ಟೇ. ಗುರುವಾರ ಗುರುವಾರ ನಾನು ಇವರ ಹೆಸರಲ್ಲಿ ಇಸಿರಿಕ್ ಹಾಕುತ್ತೇನೆ. ಹೊಗೆ ಗೋಡೆ ದಾಟುವುದೇ ತಡ, ಅವಳು ಬಕೆಟ್ಟು ಹಿಡಿದು ಓಡಿ ಬರುತ್ತಾಳೆ. "ಇಸಿರಿಕ್ ಕಣೇ, ಹೋಗು ಒಳಗೆ," ಎಂದು ಬಯ್ಯುತ್ತೇನೆ. ಅವಳು ಹೋಗುವುದಿಲ್ಲ. ಕೆಂಡ ಆರುವ ತನಕ ನಮ್ಮ ಬಾಗಿಲಲ್ಲೇ ನಿಂತಿರುತ್ತಾಳೆ.